ಬಂದ ಹೊತ್ತು, ಬಾಣ, ಈಗ

ಆಫೀಸಿನಲ್ಲಿ ಅವಳನ್ನು ಕತ್ತರಿ ಮೇಡಂ ಎನ್ನುತ್ತಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬರೀ ಕತ್ತರಿ. ಎರಡೂ ಅವಳಿಗೆ ಗೊತ್ತಿತ್ತು, ಎರಡರಿಂದಲೂ ಬೇಸರವಿರಲಿಲ್ಲ. ಬೇರೆಯವರು ಏಳು ಸಾಲಿನಲ್ಲಿ ಬರೆದು ತಂದ ಪ್ರೋಗ್ರಾಮನ್ನು ಒಂದೇ ಸಾಲಿಗೆ ಇಳಿಸಿ, ಕುರ್ಚಿಗೆ ಒರಗಿ, "ಈಗ ನೋಡಿ, ಉಸಿರಾಡ್ತಿದೆ" ಎನ್ನುವುದು ಅವಳ ಕಸುಬೂ ಹೌದು, ಚಟವೂ ಹೌದು. ಹಾಗೆ ಹೇಳುವಾಗ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ಇರಲಿ ಬಿಡಿ, ಕೆಲಸ ಬಲ್ಲವರ ಗತ್ತನ್ನು ಸಹಿಸಬಹುದು. ಏನೂ ಬಾರದವರ ಗತ್ತನ್ನೇ ನಾವು ದಿನಾ ಸಹಿಸಿಕೊಂಡಿಲ್ಲವೇ?

ಈ ಚಟ ಹತ್ತಿದ್ದು ಕಂಪ್ಯೂಟರಿನಿಂದಲ್ಲ. ಮೊದಲು ಅವಳು ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಶೀಘ್ರಲಿಪಿ ಕಲಿಸುತ್ತಿದ್ದಳು. ಕೆಳಗೆ ಬಟ್ಟೆ ಹರಿಯುವ ಸದ್ದು, ಮೇಲೆ ಪೆನ್ಸಿಲುಗಳ ಸರಸರ. ಶೀಘ್ರಲಿಪಿಯಲ್ಲಿ ಒಂದು ಮಾತಿಗೆ ಒಂದು ಗೀಟು ಸಾಕು. ಆದರೆ ಗೀಟು ತೆಳ್ಳಗಿದ್ದರೆ ಪ, ಒತ್ತಿ ಎಳೆದರೆ ಬ. ಕೈ ಚೂರು ಭಾರವಾಯಿತೋ, ಪಟ್ಟೆ ಹೋಗಿ ಬಟ್ಟೆಯಾಗುತ್ತದೆ, ಪಾವು ಹೋಗಿ ಬಾವು ಆಗುತ್ತದೆ. ಅದಕ್ಕೇ ಅವಳು ತರಗತಿಯಲ್ಲಿ ಯಾರನ್ನೂ ಎಷ್ಟು ಬೇಗ ಬರೆದೆ ಎಂದು ಕೇಳುತ್ತಿರಲಿಲ್ಲ. "ಬಾಯಿಬಿಟ್ಟು ಓದು" ಎನ್ನುತ್ತಿದ್ದಳು. ಸರಾಗವಾಗಿ ಓದಿದರೆ ಬರೆದದ್ದು ಸರಿ. ತಡವರಿಸಿದರೆ ಹಾಳೆ ಹರಿದು ಕೈಗೆ ಕೊಡುತ್ತಿದ್ದಳು.

ಕಚೇರಿಗಳಿಗೆ ಕಂಪ್ಯೂಟರ್ ಬಂದು ಶೀಘ್ರಲಿಪಿ ಯಾರಿಗೂ ಬೇಡವಾದಾಗ ಆ ಮಹಡಿ ಅಂಗಡಿಯವನ ಗೋದಾಮಾಯಿತು. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಇವಳು ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ತನಗಿಂತ ಎಷ್ಟೋ ಚಿಕ್ಕವರ ಪಕ್ಕ ಕೂತು, ಇದೂ ಶೀಘ್ರಲಿಪಿಯೇ, ಪೆನ್ಸಿಲಿನ ಬದಲು ಕೀಲಿಮಣೆ ಅಷ್ಟೆ ಎಂದುಕೊಂಡು ಕಲಿತಳು. ಆಗ ಮನೆಯಲ್ಲಿ ಕೂಸು. ಅದನ್ನು ಎತ್ತಿಕೊಂಡವರು ಅತ್ತೆ. "ನೀನು ಹೋಗಿ ಬಾ, ಲೈನಿನಲ್ಲಿ ನಾನಿದ್ದೀನಿ" ಎಂದಿದ್ದರು.

ಅತ್ತೆ ಹಾಗೆಯೇ ಮಾತಾಡುವುದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಜನ್ಮವಿಡೀ ಕಂಡವರಿಗೆಲ್ಲ "ಲೈನಿನಲ್ಲೇ ಇರಿ" ಎಂದು ಹೇಳಿದ ಬಾಯಿ. ತಾವು ಎಲ್ಲಾದರೂ ಕಾಯಬೇಕಾಗಿ ಬಂದರೆ ಮಾತ್ರ ಒಂದು ಚಕಾರ ಎತ್ತುವವರಲ್ಲ. ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ಬಾಡಿಹೋಗುವಷ್ಟು ಹೊತ್ತು ನಿಂತಿದ್ದರೂ, ಕರೆದುಕೊಂಡು ಹೋಗಲು ಬಂದವರು "ತುಂಬ ಹೊತ್ತಾಯ್ತಾ?" ಎಂದರೆ ಉತ್ತರ ಒಂದೇ: "ಇಲ್ಲ, ಈಗ ಬಂದೆ." ಒಳಮನೆಯಿಂದ ಕರೆದರೂ ಅದೇ "ಈಗ ಬಂದೆ", ಬರುವುದು ಮಾತ್ರ ಪದಬಂಧದ ಕೊನೆಯ ಮನೆ ತುಂಬಿದ ಮೇಲೆ. ನಮ್ಮ ಮಾತಿನಲ್ಲಿ ಇನ್ನೂ ಹೊರಡದವನೂ ಈಗ ಬಂದೆ ಎನ್ನುತ್ತಾನೆ, ಬಂದು ಬೇರು ಬಿಟ್ಟವನೂ ಈಗ ಬಂದೆ ಎನ್ನುತ್ತಾನೆ. ಎರಡನ್ನೂ ನಂಬಬಾರದು.

ಪದಬಂಧವೆಂದರೆ ಅತ್ತೆಗೆ ಪ್ರಾಣ. ಪತ್ರಿಕೆ ಬಂದ ಕೂಡಲೇ ಕಿಟಕಿಯ ಪಕ್ಕ ಕೂತು ಪೆನ್ನಿನಲ್ಲೇ ತುಂಬುತ್ತಿದ್ದರು, ಪೆನ್ಸಿಲು ಮುಟ್ಟಿದರೆ ಮರ್ಯಾದೆ ಕಡಿಮೆ. ಈಚೆಗೆ ಅಕ್ಷರಗಳು ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಕೊಂಬು ಪಕ್ಕದ ಮನೆಗೆ ಹೋಗುತ್ತಿತ್ತು, ಒತ್ತಕ್ಷರ ಕೆಳಗಿನ ಮನೆಗೆ ಇಳಿಯುತ್ತಿತ್ತು. ಸೊಸೆ ಕಂಡೂ ಸುಮ್ಮನಿದ್ದಳು. ಕನ್ನಡಕ ಹಳೆಯದಾಗಿರಬೇಕು ಎಂದುಕೊಂಡಳು. ಕನ್ನಡಕದವನು ಪರೀಕ್ಷೆ ಮಾಡಿ ತಲೆಯಾಡಿಸಿದ: ಕಣ್ಣಿನ ಒಳಗೆ ಒತ್ತಡ ಏರಿದೆ, ತಡಮಾಡದೆ ದೊಡ್ಡ ಡಾಕ್ಟರಿಗೆ ತೋರಿಸಿ, ಇದರಲ್ಲಿ ಹೋದ ದೃಷ್ಟಿ ವಾಪಸು ಬರುವುದಿಲ್ಲ.

ಆ ಕಣ್ಣಿನ ಡಾಕ್ಟರು ಹತ್ತಿರದ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುತ್ತಿದ್ದರು, ಮಧ್ಯಾಹ್ನಕ್ಕೆ ಬೇರೆ ಆಸ್ಪತ್ರೆಗೆ ಹೊರಡುತ್ತಿದ್ದರು. ಸೊಸೆಗೆ ಚಿಂತೆಯೇ ಆಗಲಿಲ್ಲ. ಆ ಆಸ್ಪತ್ರೆಯ ಸರದಿಯ ಸಾಫ್ಟ್‌ವೇರ್ ಅವಳ ಆಫೀಸಿನದೇ, ಅದರ ಮುಕ್ಕಾಲು ಪಾಲು ಅವಳ ಕೈಯದೇ. ಕೌಂಟರಿನಲ್ಲಿ ಹೆಸರು ಹೇಳಿ ಕೂತರೆ ಮುಗಿಯಿತು, ಬಂದ ಹೊತ್ತಿನ ಪ್ರಕಾರ ಪರದೆಯೇ ಒಬ್ಬೊಬ್ಬರನ್ನಾಗಿ ಕರೆಯುತ್ತದೆ. "ಬೇಗ ಹೋಗಿ ಕೂತ್ಕೊಳ್ಳಿ ಅತ್ತೆ. ಮೊದಲು ಹೋದೋರಿಗೆ ಮೊದಲು. ಅಲ್ಲಿ ಶಿಫಾರಸು ನಡೆಯಲ್ಲ, ಯಾಕಂದ್ರೆ ಬರೆದಿರೋಳು ನಾನು."

ಆಸ್ಪತ್ರೆಯ ಬಾಗಿಲು ತೆಗೆಯುವ ಮುಂಚೆಯೇ ಅತ್ತೆ ಹೋದರು. ಮಧ್ಯಾಹ್ನ ತೋರಿಸಿಕೊಳ್ಳದೇ ವಾಪಸು ಬಂದರು. ಡಾಕ್ಟರು ಹೊರಟುಬಿಟ್ಟರಂತೆ. ಮುಂದಿನ ವಾರವೂ ಹೋದರು. ಆಗಲೂ ಅದೇ ಕತೆ.

ಸೊಸೆಗೆ ರೇಗಿತು. "ನೀವು ತೂಕಡಿಸಿರ್ತೀರಿ ಅತ್ತೆ. ಕರೆದದ್ದು ಕೇಳಿಸಿರಲ್ಲ."

"ತೂಕಡಿಸಿಲ್ಲ ಕಣೇ."

"ಹಾಗಾದ್ರೆ ಯಾರಿಗೋ ಪಾಪ ಅಂತ ಜಾಗ ಬಿಟ್ಟುಕೊಟ್ಟಿರ್ತೀರಿ. ಅಲ್ಲಿರೋ ಪ್ರೋಗ್ರಾಮು ತಪ್ಪಲ್ಲ. ಒಂದೊಂದು ಸಾಲೂ ನನಗೆ ಗೊತ್ತು."

ಅತ್ತೆ ಪೆನ್ನಿನ ಟೋಪಿ ಹಾಕಿದರು. "ಹೌದೇನೋ ಬಿಡು. ನಾನಿನ್ನು ಹೋಗಲ್ಲ. ಈ ವಯಸ್ಸಿಗೆ ಎಷ್ಟು ಕಂಡರೂ ಅಷ್ಟೇ."

ಆ ಮಾತು ಸೊಸೆಯ ಎದೆಗೆ ನಾಟಿತು. ಎರಡು ವಾರ ಹೋಗಿತ್ತು, ಆ ಎರಡು ವಾರದಲ್ಲಿ ಅಕ್ಷರಗಳು ಇನ್ನಷ್ಟು ಆಚೆಗೆ ಸರಿದಿದ್ದವು. ಮೂರನೆಯ ಸಲ ಆಫೀಸಿಗೆ ರಜೆ ಹಾಕಿ, ಅತ್ತೆಯನ್ನು ಬಲವಂತವಾಗಿ ಹೊರಡಿಸಿದಳು. ದಾರಿಯುದ್ದಕ್ಕೂ ಪಾಠ: ಕಣ್ಣು ಮುಚ್ಚಬೇಡಿ, ಯಾರಿಗೂ ಜಾಗ ಬಿಡಬೇಡಿ, ಯಾರಾದರೂ ಕೇಳಿದರೆ ಬಂದು ಎಷ್ಟು ಹೊತ್ತಾಯಿತೆಂದು ನಿಜ ಹೇಳಿ. ಅತ್ತೆ ಎಲ್ಲದಕ್ಕೂ ಹೂಂಗುಟ್ಟಿದರು.

ಆಸ್ಪತ್ರೆಯ ಹಜಾರದಲ್ಲಿ ಸಾಲು ಕುರ್ಚಿಗಳು, ಎದುರಿಗೆ ಕೌಂಟರು, ಕೌಂಟರಿನ ಮೇಲೆ ಹೊಚ್ಚಹೊಸ ಬೋರ್ಡು: ನಮ್ಮಲ್ಲಿ ಕಾಯುವ ಸಮಯ ಸೊನ್ನೆ ನಿಮಿಷ. ಅದನ್ನು ಹಾಕಿಸಿದವನು ಮ್ಯಾನೇಜರ್. ಹೋದ ತಿಂಗಳು ಕಂಪ್ಯೂಟರಿನ ಲೆಕ್ಕದಲ್ಲಿ ಯಾರೂ ಒಂದು ನಿಮಿಷವೂ ಕಾದಿಲ್ಲವೆಂದು ಬಂದದ್ದೇ ತಡ, ಮನುಷ್ಯ ಹಿಗ್ಗಿ ಹೀರೇಕಾಯಿಯಾಗಿದ್ದ. ಆಫೀಸಿಗೆ ಸಿಹಿ ಡಬ್ಬಿ ಕಳಿಸಿದ್ದ. ಕತ್ತರಿ ಮೇಡಂ ಕೂಡ ಅದರಲ್ಲಿ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದಳು. ಬೆನ್ನು ತಿರುಗಿಸಿದರೆ ಹಜಾರದ ತುಂಬ ಕಾಯುವ ಜನ, ತಲೆಯ ಮೇಲೆ ಸೊನ್ನೆ ನಿಮಿಷ. ಯಾರಿಗೂ ಇದು ತಮಾಷೆಯಾಗಿ ಕಾಣದಿದ್ದದ್ದೇ ಒಂದು ಸೋಜಿಗ.

ಅತ್ತೆ, ಸೊಸೆ ಎಲ್ಲರಿಗಿಂತ ಮೊದಲು ಹೆಸರು ಬರೆಸಿ ಕೂತರು. ಜನ ಬಂದರು, ಪರದೆ ಕರೆಯಿತು, ಜನ ಒಳಗೆ ಹೋದರು. ಅತ್ತೆಯ ಹೆಸರು ಬರಲಿಲ್ಲ. ಆಮೇಲೆ ಬಂದ ದಪ್ಪ ಮೀಸೆಯವರು ಹೋದರು. ಅವರಿಗಿಂತ ಆಮೇಲೆ ಓಡುತ್ತ ಬಂದ ಹೆಂಗಸು, ಕುರ್ಚಿ ಬೆಚ್ಚಗಾಗುವ ಮುಂಚೆಯೇ ಒಳಗೆ ಹೋದಳು. ಸೊಸೆ ಎದ್ದು ಕೌಂಟರಿಗೆ ಹೋದಳು, ಹಿಂದೆಯೇ ಅತ್ತೆ.

ಕೌಂಟರಿನ ಹುಡುಗಿ ಮೆತ್ತಗೆ ಕೇಳಿದಳು, "ತುಂಬ ಹೊತ್ತಾಯ್ತಾ ಅಮ್ಮ ಬಂದು?"

"ಇಲ್ಲ ಮಗಳೇ, ಈಗ ಬಂದೆ" ಎಂದರು ಅತ್ತೆ.

ಸೊಸೆ ಹಲ್ಲು ಕಚ್ಚಿದಳು. ಹುಡುಗಿ ತನ್ನ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದಳು. "ನೋಡಿ ಮೇಡಂ, ಇದರಲ್ಲೂ ಹಾಗೇ ಇದೆ. ಕಾದದ್ದು ಸೊನ್ನೆ ನಿಮಿಷ."

ಅತ್ತೆಯ ಮರ್ಯಾದೆಯೂ ಯಂತ್ರದ ಲೆಕ್ಕವೂ ಅಕ್ಷರಶಃ ಒಂದೇ ಆಗಿತ್ತು. ಇನ್ನು ಯಾರಿಗೆ ಅನುಮಾನ ಬಂದೀತು?

ವಾಪಸು ಬಂದು ಕೂತಾಗ ಸೊಸೆಯ ಮುಖ ಕೆಂಪಗಿತ್ತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಅಂದರು, "ಕೋಪ ಮಾಡ್ಕೋಬೇಡ. ನಮ್ಮ ಸರದಿ ಬರೋಕೆ ಇನ್ನೂ ಇದೆ. ಈಗ ತಾನೇ ಕ ಮುಗೀತು."

"ಕ ಅಂದ್ರೆ?"

"ನಿಘಂಟಿನ ಕ. ಮೊದಲು ಅ ಇಂದ ಶುರು ಆಗೋ ಹೆಸರಿನೋರು, ಆಮೇಲೆ ಆ, ಇ, ಈ. ಹೋದ ವಾರವೂ ಹಾಗೇ ಕರೆದ್ರು. ನನ್ನ ಹೆಸರು ಹ. ಹ ಬರೋದು ಕೊನೇಲಿ ತಾನೇ? ನೀನು ಇಟ್ಟ ನಿಯಮ ಅಂದ್ಕೊಂಡೆ. ನೀನು ಇಟ್ಟಿದ್ದೀಯ ಅಂದ್ಮೇಲೆ ನಾನು ಯಾಕೆ ಕೊಂಕು ತೆಗೀಲಿ?"

ಸೊಸೆ ಕಿವಿ ನಿಮಿರಿಸಿ ಕೂತಳು. ಶೀಘ್ರಲಿಪಿಯ ಕಿವಿ ಅದು, ಹೆಸರಲ್ಲ, ಮೊದಲ ಸದ್ದು ಹಿಡಿಯುವ ಕಿವಿ. ಪರದೆ ಗ ಕರೆಯಿತು, ಇನ್ನೊಂದು ಗ, ಚ, ಜ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಹೊಸಬರು ಬಂದು ಹೆಸರು ಬರೆಸಿದರು. ಮರುಕ್ಷಣವೇ ಪರದೆ ಜ ಬಿಟ್ಟು ಅ ಎಂದು ಕೂಗಿತು. ಹೊಸಬರು ತಮ್ಮ ಅದೃಷ್ಟಕ್ಕೆ ತಾವೇ ಬೆರಗಾಗಿ ಒಳಗೆ ನಡೆದರು.

ಇಲ್ಲಿ ಅವಳ ಕೆಲಸದ ಒಂದು ಗುಟ್ಟು ಹೇಳಲೇಬೇಕು, ಕಷ್ಟದ್ದೇನಲ್ಲ. ಪ್ರೋಗ್ರಾಮಿನೊಳಗೆ ಒಬ್ಬೊಬ್ಬ ರೋಗಿಯೂ ಒಂದೊಂದು ವಸ್ತು. ಅವನ ಜೇಬಿಗೆ ನೇರ ಕೈಹಾಕುವಂತಿಲ್ಲ. ಏನು ಬೇಕೋ ಕೇಳಬೇಕು, ಅವನೇ ಹೇಳಬೇಕು. ಹುಟ್ಟಿದ ದಿನ ಯಾವುದು, ವಯಸ್ಸೆಷ್ಟು, ಯಾವ ಹೊತ್ತಿಗೆ ಬಂದೆ. ಹೀಗೆ ಕೇಳುವ, ಹೇಳುವ ಏರ್ಪಾಡನ್ನು ಒಂದೊಂದಕ್ಕೂ ಏಳು ಸಾಲಿನಲ್ಲಿ ಬರೆಯುತ್ತಿದ್ದ ಕಾಲವಿತ್ತು. ಈಗ ಒಂದೇ ಸಾಲು ಸಾಕು. ಆ ಒಂದು ಸಾಲಿನಲ್ಲಿ ಎರಡು ಜಾತಿ. ಬಾಣದ ಗುರುತು ಹಾಕಿದರೆ, ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕಹಾಕಿ ಹೇಳು ಎಂದರ್ಥ. ಬರೀ ಸಮದ ಗುರುತು ಹಾಕಿದರೆ, ಒಮ್ಮೆ ಲೆಕ್ಕಹಾಕಿ ಇಟ್ಟುಕೋ, ಯಾವಾಗ ಕೇಳಿದರೂ ಅದನ್ನೇ ಹೇಳು ಎಂದರ್ಥ. ವಯಸ್ಸಿಗೆ ಬಾಣವೇ ಬೇಕು, ಅದು ಬದಲಾಗುತ್ತಿರುತ್ತದೆ. ಹುಟ್ಟಿದ ದಿನಕ್ಕೆ ಬಾಣ ಹಾಕಿದರೆ ಮನುಷ್ಯ ಕೇಳಿದಾಗಲೆಲ್ಲ ಹುಟ್ಟುತ್ತಾನೆ.

ಹೋದ ತಿಂಗಳು ಅವಳು ಆಸ್ಪತ್ರೆಯ ಪ್ರೋಗ್ರಾಮಿಗೆ ಕತ್ತರಿ ಆಡಿಸಿದ್ದಳು. ಉದ್ದುದ್ದ ಸಾಲುಗಳೆಲ್ಲ ಚಕಚಕನೆ ಬಾಣಗಳಾಗಿದ್ದವು.

ಹಜಾರದಿಂದಲೇ ಆಫೀಸಿಗೆ ಫೋನು ಮಾಡಿದಳು. ಎತ್ತಿದವನು ಅವಳ ಪಕ್ಕದ ಮೇಜಿನ ಗಡ್ಡದವನು, ಅವಳ ಬೈಗುಳ ತಿಂದೇ ಕೆಲಸ ಕಲಿತವನು.

"ರೋಗಿಯ ಫೈಲು ತೆಗಿ. ಬಂದ ಹೊತ್ತಿನ ಸಾಲು ಇದೆಯಲ್ಲ, ಅದನ್ನ ಬಾಯಿಬಿಟ್ಟು ಓದು."

"ಬಂದ ಹೊತ್ತು, ಬಾಣ, ಈಗ."

"ಇನ್ನೊಂದು ಸಲ."

"ಬಂದ ಹೊತ್ತು, ಬಾಣ, ಈಗ. ಮೇಡಂ, ಇದು... ಯಾವಾಗ ಕೇಳಿದ್ರೂ ಈಗ ಬಂದೆ ಅನ್ನುತ್ತೆ."

"ಅನ್ನುತ್ತೆ. ಯಾರ ಕೈ ಅದು?"

ಆ ಕಡೆ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. "ನಿಮ್ಮದೇ ಮೇಡಂ."

ಅಷ್ಟೆ. ರೋಗಿಗಳ ಪಟ್ಟಿ ಅಕ್ಷರಮಾಲೆಯ ಕ್ರಮದಲ್ಲಿತ್ತು. ಪ್ರೋಗ್ರಾಮು ಅ ಇಂದ ಶುರುಮಾಡಿ ಒಬ್ಬೊಬ್ಬರನ್ನೇ ಯಾವಾಗ ಬಂದೆ ಎಂದು ಕೇಳುತ್ತಿತ್ತು, ಒಬ್ಬೊಬ್ಬರೂ ಈಗ ಎನ್ನುತ್ತಿದ್ದರು. ಮೊದಲು ಕೇಳಿಸಿಕೊಂಡವನ ಈಗ, ಆಮೇಲೆ ಕೇಳಿಸಿಕೊಂಡವನ ಈಗಕ್ಕಿಂತ ಕೂದಲೆಳೆ ಮುಂಚಿನದು. ಹಾಗಾಗಿ ಅ ಯಾವಾಗಲೂ ಮೊದಲು, ಹ ಯಾವಾಗಲೂ ಕೊನೆ, ಮತ್ತು ಯಾರೂ ಕಾದೇ ಇಲ್ಲ. ಪರೀಕ್ಷೆ ಮಾಡುವಾಗ ಸಿಗಲಿಲ್ಲವೇ ಎಂದರೆ, ಅವಳು ಪರೀಕ್ಷೆಗೆ ಹಾಕಿದ ರೋಗಿಗಳ ಹೆಸರು ಅರಸ, ಆನೆ, ಇಲಿ, ಈಚಲು. ಒಂದನೇ ತರಗತಿಯಲ್ಲಿ ಕಲಿತ ಕ್ರಮದಲ್ಲೇ ಬೆರಳು ಓಡಿತ್ತು. ಅರಸ ಮೊದಲು ಬಂದ, ಮೊದಲು ಹೋದ. ಎಲ್ಲ ಸರಿಯಾಗಿದೆ ಎಂದು ಅವಳು ಎದ್ದಿದ್ದಳು. ಓದಿ ನೋಡಿರಲಿಲ್ಲ. ಜಗತ್ತಿಗೆಲ್ಲ ಬಾಯಿಬಿಟ್ಟು ಓದಿ ಎಂದ ಬಾಯಿ ಅಂದು ಮುಚ್ಚಿಕೊಂಡಿತ್ತು.

"ಬಾಣ ತೆಗೆದು ಸಮ ಹಾಕಿ ಇಲ್ಲಿಗೆ ಕಳಿಸು" ಎಂದಳು. "ಕಳಿಸೋ ಮುಂಚೆ ಹಿಂದುಮುಂದಾಗಿ ನಾಲ್ಕು ಹೆಸರು ಹಾಕಿ ನೋಡು. ಹಾವು ಮೊದಲು, ಅರಸ ಕೊನೇಲಿ. ಅಳೋದೆಲ್ಲ ನಾಳೆ ಆಫೀಸಲ್ಲಿ ಇಟ್ಕೊಳ್ಳೋಣ."

ಅಷ್ಟಕ್ಕೇ ಮುಗಿಯಲಿಲ್ಲ. ಈಗಾಗಲೇ ಬಂದು ಕೂತವರ ಹೊತ್ತು ಎಲ್ಲಿಯೂ ಉಳಿದಿರಲಿಲ್ಲ. ಬಾಣ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಪ್ರೋಗ್ರಾಮು ನಿಲ್ಲಿಸಿ, ಎಲ್ಲರನ್ನೂ ಬಂದ ಕ್ರಮದಲ್ಲಿ ಹೊಸದಾಗಿ ಬರೆಸಬೇಕಿತ್ತು. ಡಾಕ್ಟರು ಹೊರಡಲು ಹೆಚ್ಚು ಹೊತ್ತಿರಲಿಲ್ಲ. ಅವಳು ಸೀದಾ ಮ್ಯಾನೇಜರನ ಕೋಣೆಗೆ ನುಗ್ಗಿದಳು.

ಅವನು ಬೆಚ್ಚಿಬಿದ್ದ. "ಈಗ ನಿಲ್ಲಿಸೋದಾ? ಚೆನ್ನಾಗಿ ನಡೀತಿದೆಯಲ್ಲ ಮೇಡಂ. ಕಾಯೋ ಸಮಯ ಸೊನ್ನೆ ಇದೆ."

"ಆ ಸೊನ್ನೆ ನಾನು ಮಾಡಿದ ತಪ್ಪು. ಬಾಗಿಲು ತೆಗೆದು ಒಂದು ಸಲ ಹಜಾರ ನೋಡಿ."

ಅವನು ನೋಡಿದ. ಬೋರ್ಡು ನೋಡಿದ. ಮತ್ತೆ ಹಜಾರ ನೋಡಿದ. "ಬೋರ್ಡಿಗೆ ಆಗಲೇ ಬಿಲ್ಲು ಕೂಡ ಪಾಸಾಗಿದೆ" ಎಂದು ಗೊಣಗಿದ, ಆದರೆ ದಾರಿ ಬಿಟ್ಟ.

ಅವಳು ಕೌಂಟರಿನ ಮುಂದೆ ನಿಂತು, ಮಹಡಿಯ ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದ ಅದೇ ದನಿಯಲ್ಲಿ ಹೇಳಿದಳು: "ಎಲ್ಲರೂ ಸ್ವಲ್ಪ ಕೇಳಿ. ಸರದಿ ತಪ್ಪಾಗಿದೆ. ಈ ಪ್ರೋಗ್ರಾಮು ಬರೆದಿರೋದು ನಾನು, ತಪ್ಪು ನನ್ನದು. ಯಾರು ಯಾರಿಗಿಂತ ಮೊದಲು ಬಂದ್ರಿ ಅಂತ ಹೇಳಿ, ಹೊಸದಾಗಿ ಬರ್ಕೊಳ್ತೀವಿ."

ಗದ್ದಲವಾಗುತ್ತದೆ ಎಂದು ಹೆದರಿದ್ದಳು. ಆಗಲಿಲ್ಲ. ಸಾಲಿನಲ್ಲಿ ಕೂತವರಿಗೆ ತಮ್ಮ ಮುಂದಿನವರು ಯಾರು, ಹಿಂದಿನವರು ಯಾರು ಎಂಬುದು ಯಾವ ಯಂತ್ರಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ನಾನು ಈ ನೀಲಿ ಅಂಗಿಯವರ ಹಿಂದೆ, ನಾನು ಕೋಲಿನ ಅಜ್ಜನ ಮುಂದೆ, ನಾವಿಬ್ಬರೂ ಒಟ್ಟಿಗೇ ಬಂದದ್ದು ಎನ್ನುತ್ತ ಅವರೇ ಎದ್ದು ಸಾಲುಗಟ್ಟಿದರು. ಕೊನೆಗೆ ಕೌಂಟರಿನ ಹುಡುಗಿ ಪೆನ್ನು ಎತ್ತಿ ಕೇಳಿದಳು, "ಹಾಗಾದ್ರೆ ಎಲ್ಲರಿಗಿಂತ ಮೊದಲು ಯಾರು?"

ಸೊಸೆ ಅತ್ತೆಯ ಕಡೆ ತಿರುಗಿದಳು. ಹಜಾರವೂ ತಿರುಗಿತು.

"ನೀವು ಯಾವಾಗ ಬಂದ್ರಿ ಅಮ್ಮ?" ಎಂದಳು ಹುಡುಗಿ.

"ಈಗ..." ಎಂದು ಶುರುಮಾಡಿದ ಅತ್ತೆ ಸೊಸೆಯ ಮುಖ ನೋಡಿ ಮಾತು ತಡೆದರು. ಕೈಚೀಲವನ್ನು ತೊಡೆಯ ಮೇಲೆ ನೇರ ಮಾಡಿಕೊಂಡರು. "ಬಾಗಿಲು ತೆಗೆಯೋ ಮುಂಚೆ ಬಂದೆ. ಹೋದ ವಾರವೂ ಬಾಗಿಲು ತೆಗೆಯೋ ಮುಂಚೆ ಬಂದಿದ್ದೆ. ಅದರ ಹಿಂದಿನ ವಾರವೂ. ಕಾದು ಕಾದು ಸಾಕಾಗಿದೆ ಮಗಳೇ."

ಮೊದಲ ಹೆಸರು ಹ ಆಯಿತು.

ಡಾಕ್ಟರು ಅತ್ತೆಯ ಗಲ್ಲವನ್ನು ಯಂತ್ರದ ಮೇಲಿರಿಸಿ, ಬೆಳಕು ಬಿಟ್ಟು, ಒಂದು ಕಣ್ಣು, ಇನ್ನೊಂದು ಕಣ್ಣು ನೋಡಿದರು. ಬಲಗಣ್ಣು ಪರವಾಗಿಲ್ಲ ಎಂದರು. ಎಡಗಣ್ಣಿನ ಅಂಚಿನಲ್ಲಿ ಒಂದಿಷ್ಟು ಹೋಗಿದೆ, ಅದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಇವತ್ತಿಂದಲೇ ಹನಿ ಹಾಕಬೇಕು. ಹೋದದ್ದರಲ್ಲಿ ಈ ಎರಡು ವಾರದ ಪಾಲೆಷ್ಟು ಎಂದು ಸೊಸೆ ಕೇಳಿದಳು. ಅದನ್ನು ಹೇಳೋಕಾಗಲ್ಲ ಎಂದರು ಡಾಕ್ಟರು. ಆ ಹೇಳಲಾಗದ ಪಾಲನ್ನು ಅವಳು ತಲೆಬಾಗಿಸಿ ತನ್ನ ಹೆಸರಿಗೇ ಬರೆದುಕೊಂಡಳು. ಅತ್ತೆ ಮೇಜಿನ ಕೆಳಗೆ ಕೈ ಚಾಚಿ ಅವಳ ಮೊಣಕೈ ಹಿಡಿದರು.

ಡಾಕ್ಟರು ಬರೆಯಲು ಪೆನ್ನು ತೆಗೆದು ಕೇಳಿದರು, "ಯಾವಾಗಿನಿಂದ ಮಂಜಾಗಿದೆಯಮ್ಮ? ಸರಿಯಾಗಿ ಹೇಳಿದ್ರೆ ಔಷಧಿಯ ಅಳತೆ ಗೊತ್ತಾಗುತ್ತೆ."

"ಈಗ ಮೊನ್ನೆ ಮೊನ್ನೆಯಿಂದ" ಎಂದರು ಅತ್ತೆ, ಹಳೆಯ ಅಭ್ಯಾಸ.

"ಇಲ್ಲ ಡಾಕ್ಟ್ರೇ" ಎಂದಳು ಸೊಸೆ. "ಹೋದ ಬೇಸಿಗೆಯಿಂದ. ಪದಬಂಧದಲ್ಲಿ ಮೊದಲು ಕೊಂಬು ಪಕ್ಕದ ಮನೆಗೆ ಹೋಯ್ತು, ಬಲಗಡೆಗೆ. ಮಳೆಗಾಲ ಶುರುವಾದ ಮೇಲೆ ಒತ್ತಕ್ಷರ ಕೆಳಗಿನ ಮನೆಗೆ ಬಿತ್ತು. ಹೋದ ತಿಂಗಳಿಂದ ಎಡಗಡೆಯ ಸಾಲು ಖಾಲಿ ಬಿಡ್ತಿದ್ದಾರೆ, ಸುಳಿವು ಕಷ್ಟ ಇದೆ ಅಂತ ಹೇಳಿ. ಕಷ್ಟ ಇರಲಿಲ್ಲ, ಆ ಸಾಲು ಅವರಿಗೆ ಕಾಣ್ತಿರಲಿಲ್ಲ."

ಡಾಕ್ಟರು ಸರಸರನೆ ಬರೆದುಕೊಂಡರು. ಅತ್ತೆ ಸೊಸೆಯನ್ನೇ ನೋಡುತ್ತಿದ್ದರು.

"ಅಷ್ಟೆಲ್ಲ ನೋಡಿದ್ಯಾ ನೀನು?"

"ನೋಡಿದ್ದೆ ಅತ್ತೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಇನ್ನು ಮೇಲೆ ಕೇಳದಿದ್ರೂ ಹೇಳು" ಎಂದರು ಅತ್ತೆ, ಮತ್ತು ಮೊದಲ ಹನಿಗೆಂದು ತಲೆ ಹಿಂದಕ್ಕೆ ಬಾಗಿಸಿ ಕಣ್ಣು ಅಗಲಿಸಿದರು.